ಎಲ್ಲರ ವಾಹನ: ಹಂಚಿಕೆಯ ಸಾರಿಗೆಗೆ ಸರಕಾರದ ನೆರವು ಏಕೆ ಬೇಕು?

ಸಮಾಜವಿಜ್ಞಾನದ ತರಗತಿಯಲ್ಲಿ ಸಾರಿಗೆಯ ಪಾಠ ಬಹುಮಟ್ಟಿಗೆ ಒಂದು ಪಟ್ಟಿಯಾಗಿ ಮುಗಿದುಹೋಗುತ್ತದೆ. ಭೂಸಾರಿಗೆ, ಜಲಸಾರಿಗೆ, ವಾಯುಸಾರಿಗೆ ಎಂದು ವಿಂಗಡಿಸಿ, ಒಂದೊಂದಕ್ಕೆ ಎರಡೆರಡು ಉದಾಹರಣೆ ಕೊಟ್ಟು, ಚಿತ್ರಗಳನ್ನು ಅಂಟಿಸಲು ಹೇಳಿ ನಾವು ಮುಂದಿನ ಪಾಠಕ್ಕೆ ಸಾಗುತ್ತೇವೆ. ಆದರೆ ಈ ದಿನ ಬೆಳಿಗ್ಗೆ ತನ್ನ ಮನೆಯಿಂದ ಶಾಲೆಗೆ ಮಗು ಹೇಗೆ ಬಂದು ತಲುಪಿತು ಎಂಬುದೇ ಆ ಪಾಠದ ಮೊದಲ ಉದಾಹರಣೆ. ಗಡಿನಾಡಿನ ಕನ್ನಡ ಶಾಲೆಗಳ ಮಟ್ಟಿಗಂತೂ ಅದು ಶಾಲೆಯ ಅಳಿವು ಉಳಿವಿನ ಪ್ರಶ್ನೆಯೂ ಹೌದು.

ಕೆಲವು ವರ್ಷಗಳ ಹಿಂದೆ ತರಬೇತಿಯ ಮುಂದುವರಿಕೆಯಾಗಿ ಮಂಜೇಶ್ವರ ತಾಲೂಕಿನ ಒಳಭಾಗದ ಒಂದು ಶಾಲೆಗೆ ಹೋಗಿದ್ದೆ. ಐದನೆಯ ತರಗತಿಯ ಕನ್ನಡ ವಿಭಾಗದ ಹಾಜರಿ ಪುಸ್ತಕದಲ್ಲಿ ನಾಲ್ಕು ಹೆಸರುಗಳಿಗೆ ಕೆಂಪು ಗೆರೆ ಎಳೆಯಲಾಗಿತ್ತು. ನಾಲ್ವರೂ ವರ್ಗಾವಣೆ ಪತ್ರ ಪಡೆದು ತಮ್ಮ ಮನೆಗಳಿಗೆ ಹತ್ತಿರವಿದ್ದ, ಕನ್ನಡ ವಿಭಾಗವಿಲ್ಲದ ಶಾಲೆಗೆ ಸೇರಿದ್ದರು. ಮುಖ್ಯೋಪಾಧ್ಯಾಯಿನಿಯವರು ಹೇಳಿದ ಮಾತು ಇಷ್ಟೆ: “ಅವರಿಗೆ ಕನ್ನಡ ಬೇಡವಾದದ್ದಲ್ಲ ಸರ್. ಸಾಯಂಕಾಲದ ಬಸ್ಸು ನಿಂತಿತು. ಮತ್ತೆ ಹೇಗೆ ಬರುವುದು?”

ಒಂದು ಬಸ್ಸಿನ ಒಂದು ಸರದಿ ನಿಂತಾಗ, ಸ್ಕೂಟರೋ ಕಾರೋ ಇದ್ದ ಮನೆಯ ಮಕ್ಕಳು ಅದೇ ಶಾಲೆಯಲ್ಲಿ ಉಳಿದರು; ಇಲ್ಲದವರು ಶಾಲೆಯನ್ನೂ, ಅದರೊಡನೆ ಕಲಿಕೆಯ ಭಾಷೆಯನ್ನೂ ಬದಲಾಯಿಸಬೇಕಾಯಿತು. ಸ್ವಂತ ವಾಹನವಿಲ್ಲದವರಿಗೆ ತೋರಿಸುವ ಕನಿಕರವೆಂದು ಸಾಮೂಹಿಕ ಸಾರಿಗೆಯನ್ನು ಕಾಣುವವರಿದ್ದಾರೆ. ಶಾಲೆ, ಗ್ರಂಥಾಲಯ, ಆರೋಗ್ಯ ಕೇಂದ್ರಗಳಂತೆ ಅದೂ ಸಮಾಜದ ಸಾಮಾನ್ಯ ಸೊತ್ತು ಎಂಬುದನ್ನೂ, ಸರಕಾರದ ನೆರವು ಯಾವ ರೂಪದಲ್ಲಿ ಬರುತ್ತದೆ ಎಂಬುದರ ಮೇಲೆ ಅದರ ಬಾಳಿಕೆ ನಿಂತಿದೆ ಎಂಬುದನ್ನೂ ಅಧ್ಯಾಪಕರು ಸ್ಪಷ್ಟವಾಗಿ ತಿಳಿದಿರಬೇಕು. ಅದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸ್ವಂತ ವಾಹನದ ಕಾಣದ ಲೆಕ್ಕ

ಹಂಚಿಕೆಯ ಸಾರಿಗೆ ಎಂದರೆ ಒಂದೇ ವಾಹನವನ್ನು ಅನೇಕರು ಏಕಕಾಲಕ್ಕೆ ಅಥವಾ ಸರದಿಯಂತೆ ಬಳಸುವ ವ್ಯವಸ್ಥೆ. ಬಸ್ಸು ಮತ್ತು ರೈಲು ಇದರ ದೊಡ್ಡ ರೂಪಗಳು. ಏಳೆಂಟು ಜನ ಸೇರಿ ಹೋಗುವ ಜೀಪು, ಶಾಲಾ ವಾಹನ, ಹಲವು ಮನೆಗಳವರು ಸರದಿಯಲ್ಲಿ ಬಳಸುವ ಕಾರು ಇವೆಲ್ಲ ಅದರ ಸಣ್ಣ ರೂಪಗಳು. ಇವುಗಳಿಗೆ ಎದುರಾಗಿ ನಿಲ್ಲುವುದು ಮನೆಗೊಂದು ವಾಹನ ಎಂಬ ವ್ಯವಸ್ಥೆ.

ಇವೆರಡರ ವೆಚ್ಚದ ಸ್ವರೂಪವೇ ಬೇರೆ. ಅರ್ಥಶಾಸ್ತ್ರದಲ್ಲಿ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂಬ ಎರಡು ಪರಿಕಲ್ಪನೆಗಳಿವೆ. ವಾಹನ ಓಡಲಿ, ಓಡದಿರಲಿ, ಮಾಡಲೇಬೇಕಾದ ಖರ್ಚು ಸ್ಥಿರ ವೆಚ್ಚ. ಓಡಿದಷ್ಟಕ್ಕೆ ಮಾತ್ರ ಆಗುವುದು ಬದಲಾಗುವ ವೆಚ್ಚ. ತರಗತಿಯಲ್ಲಿ ಬಳಸಬಹುದಾದ ಒಂದು ಕಲ್ಪಿತ ಲೆಕ್ಕವನ್ನು ನೋಡೋಣ.

ಒಂದು ಕುಟುಂಬ 5 ಲಕ್ಷ ರೂಪಾಯಿಗೆ ಕಾರು ಕೊಂಡು, ಹತ್ತು ವರ್ಷ ಬಳಸಿ, 1 ಲಕ್ಷಕ್ಕೆ ಮಾರಿತೆಂದು ಇಟ್ಟುಕೊಳ್ಳೋಣ. ಕಳೆದುಹೋದ 4 ಲಕ್ಷವನ್ನು ಹತ್ತು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 40,000 ರೂಪಾಯಿ. ವಿಮೆ, ದುರಸ್ತಿ, ಟಯರು ಮುಂತಾದವುಗಳಿಗೆ ವರ್ಷಕ್ಕೆ 25,000 ಸೇರಿಸಿದರೆ ಒಟ್ಟು 65,000. ಅಂದರೆ ಕಾರು ಅಂಗಳದಿಂದ ಹೊರಡುವ ಮೊದಲೇ ದಿನಕ್ಕೆ ಸುಮಾರು 178 ರೂಪಾಯಿ ಖರ್ಚಾಗಿರುತ್ತದೆ.

ಈಗ ಆ ಕುಟುಂಬದ ನಾಲ್ವರು 10 ಕಿಲೋಮೀಟರ್ ದೂರದ ಪೇಟೆಗೆ ಹೋಗಬೇಕಾಗಿದೆ. ಕೇರಳದಲ್ಲಿ 2022ರ ಮೇ ತಿಂಗಳಲ್ಲಿ ಜಾರಿಗೆ ಬಂದ ದರದಂತೆ ಸಾಮಾನ್ಯ ಬಸ್ಸಿನಲ್ಲಿ ಮೊದಲ ಎರಡೂವರೆ ಕಿಲೋಮೀಟರಿಗೆ 10 ರೂಪಾಯಿ, ಆಮೇಲೆ ಕಿಲೋಮೀಟರಿಗೆ 1 ರೂಪಾಯಿ. ಒಬ್ಬರಿಗೆ ಸುಮಾರು 18 ರೂಪಾಯಿಯಂತೆ ನಾಲ್ವರಿಗೆ 72 ರೂಪಾಯಿ. ಕಾರು ಲೀಟರಿಗೆ 15 ಕಿಲೋಮೀಟರ್ ಓಡುತ್ತದೆ, ಪೆಟ್ರೋಲಿನ ಬೆಲೆ 105 ರೂಪಾಯಿ ಎಂದು ಹಿಡಿದರೆ ಅದೇ ದಾರಿಗೆ 70 ರೂಪಾಯಿಯ ಪೆಟ್ರೋಲು ಸಾಕು. ಮನೆಯ ಮೆಟ್ಟಿಲಿನ ಮೇಲೆ ನಿಂತು ಲೆಕ್ಕ ಹಾಕುವವರಿಗೆ ಕಾರೇ ಅಗ್ಗವಾಗಿ ಕಾಣುತ್ತದೆ. ಆ ದಿನದ 178 ರೂಪಾಯಿಯ ಸ್ಥಿರ ವೆಚ್ಚ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಹಿಂದೆಯೇ ತೆತ್ತುಬಿಟ್ಟ ಹಣ.

ಬಸ್ಸಿನ ಪ್ರಯಾಣಿಕನ ಸ್ಥಿತಿ ಇದಕ್ಕೆ ತದ್ವಿರುದ್ಧ. ಬಸ್ಸಿನ ಬೆಲೆ, ಚಾಲಕ ನಿರ್ವಾಹಕರ ವೇತನ, ವಿಮೆ, ದುರಸ್ತಿ, ಡೀಸೆಲ್ ಎಲ್ಲವೂ ಟಿಕೆಟಿನಲ್ಲಿಯೇ ಅಡಗಿರುತ್ತವೆ. ಹೀಗಾಗಿ ಒಮ್ಮೆ ವಾಹನ ಕೊಂಡ ಕುಟುಂಬ ಬಸ್ಸಿಗೆ ಮರಳುವುದು ವಿರಳ. ವಾಹನ ಕೊಳ್ಳುವ ಮೊದಲೇ ನಂಬಿಕೆಗೆ ಅರ್ಹವಾದ ಬಸ್ಸು ಇರಬೇಕಾದುದು ಏಕೆಂಬುದಕ್ಕೆ ಇದೇ ಕಾರಣ. ಬಸ್ಸು ತಡವಾಗಿ ಬಂದರೆ ಜನ ಕಾಯದೆ ಸಾಲ ಮಾಡಿ ವಾಹನ ಕೊಳ್ಳುತ್ತಾರೆ.

ಇಳಿಜಾರಿನ ಸುತ್ತು

ಬಸ್ಸುಗಳು ಲಾಭವಿದ್ದರೆ ಓಡಲಿ, ಇಲ್ಲದಿದ್ದರೆ ನಿಲ್ಲಲಿ ಎಂಬ ವಾದವಿದೆ. ಕೇಳಲು ಇದು ನ್ಯಾಯವೆನಿಸಿದರೂ ಸಾರಿಗೆಯ ಸ್ವಭಾವ ಬೇರೆಯಾಗಿದೆ. ಗಂಟೆಗೊಂದು ಬಸ್ಸಿದ್ದರೆ, ಹೊತ್ತು ತಿಳಿಯದೆ ಬಂದವರು ಸರಾಸರಿ ಅರ್ಧ ಗಂಟೆ ಕಾಯಬೇಕು. ಗಂಟೆಗೆ ಎರಡು ಇದ್ದರೆ ಕಾಲು ಗಂಟೆ ಸಾಕು. ಪ್ರಯಾಣಿಕರು ಹೆಚ್ಚಿದಂತೆ ಬಸ್ಸುಗಳು ಹೆಚ್ಚುತ್ತವೆ, ಬಸ್ಸುಗಳು ಹೆಚ್ಚಿದಂತೆ ಕಾಯುವ ಹೊತ್ತು ಇಳಿಯುತ್ತದೆ, ಅದರಿಂದ ಪ್ರಯಾಣಿಕರು ಮತ್ತೆ ಹೆಚ್ಚುತ್ತಾರೆ. ಹೊಸದಾಗಿ ಬಸ್ಸು ಹತ್ತಿದವನು ಉಳಿದವರಿಗೂ ಉಪಕಾರ ಮಾಡಿದಂತಾಗುತ್ತದೆ. ರಸ್ತೆಗೆ ಹೊಸದಾಗಿ ಇಳಿದ ಕಾರಿನ ಪರಿಣಾಮ ಇದಕ್ಕೆ ವ್ಯತಿರಿಕ್ತ. ಅದು ಹಿಂದಿನ ಎಲ್ಲ ವಾಹನಗಳನ್ನೂ ಒಂದಿಷ್ಟು ನಿಧಾನಗೊಳಿಸುತ್ತದೆ.

ಇದೇ ಚಕ್ರ ಹಿಂದಕ್ಕೂ ತಿರುಗಬಲ್ಲುದು. ಹತ್ತು ಮನೆಯವರು ಸ್ಕೂಟರ್ ಕೊಂಡರೆ ಮಧ್ಯಾಹ್ನದ ಸರದಿಯಲ್ಲಿ ಸೀಟು ತುಂಬುವುದಿಲ್ಲ. ಮಾಲಕರು ಆ ಸರದಿಯನ್ನು ಕೈಬಿಡುತ್ತಾರೆ. ಮಧ್ಯಾಹ್ನ ಮರಳಲು ಬಸ್ಸಿಲ್ಲವೆಂದು ಬೆಳಿಗ್ಗೆ ಬಸ್ಸಿನಲ್ಲಿ ಹೋಗುತ್ತಿದ್ದವರೂ ಬೇರೆ ದಾರಿ ನೋಡುತ್ತಾರೆ. ಬೆಳಗಿನ ಬಸ್ಸಿಗೂ ನಷ್ಟ ತಟ್ಟುತ್ತದೆ. ಕೊನೆಗೆ ಉಳಿಯುವುದು ವಾಹನ ಕೊಳ್ಳಲಾಗದವರು, ಪರವಾನಗಿಯ ವಯಸ್ಸಾಗದ ಮಕ್ಕಳು ಮತ್ತು ವೃದ್ಧರು. ಇವರ ಟಿಕೆಟಿನಿಂದ ಮಾತ್ರ ಬಸ್ಸನ್ನು ಓಡಿಸಲಾಗದು.

ಕಾಸರಗೋಡಿನ ಒಳನಾಡಿನಲ್ಲಿ ಈ ಸುತ್ತು ಬೇಗ ಬಿಗಿಯಾಗಲು ಇನ್ನೊಂದು ಕಾರಣವಿದೆ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ಗುಡ್ಡದ ತಪ್ಪಲಲ್ಲೊಂದು, ಅಡಿಕೆ ತೋಟದ ಅಂಚಿನಲ್ಲೊಂದು ಎಂಬಂತೆ ಚದುರಿವೆ. ಒಂದು ನಿಲ್ದಾಣದಲ್ಲಿ ಮೂವತ್ತು ಜನ ಸೇರುವುದು ಅಪರೂಪ. ಬದಿಯಡ್ಕ, ಪೆರ್ಲ, ಮುಳ್ಳೇರಿಯದಂತಹ ಪೇಟೆಗಳ ನಡುವಿನ ಮುಖ್ಯ ರಸ್ತೆಗಳಲ್ಲಿ ಬಸ್ಸು ಉಳಿಯಬಹುದು. ಅಲ್ಲಿಂದ ಒಳಗೆ ಕವಲೊಡೆಯುವ ದಾರಿಗಳಲ್ಲಿ ಹೊರಗಿನ ನೆರವಿಲ್ಲದೆ ಉಳಿಯುವುದು ಕಷ್ಟ.

ಇಲ್ಲಿ ಮತ್ತೊಂದು ಅಪಾಯವನ್ನೂ ಪ್ರೌಢಶಾಲೆಯ ಅಧ್ಯಾಪಕರು ಗಮನಿಸಬೇಕು. ಬಸ್ಸಿಲ್ಲದ ದಾರಿಯಲ್ಲಿ ಹದಿನೈದು ಹದಿನಾರು ವರ್ಷದ ಮಕ್ಕಳ ಕೈಗೆ ಸ್ಕೂಟರ್ ಬರುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ತಪ್ಪೆಸಗಿದರೆ ರಕ್ಷಕರು ಅಥವಾ ವಾಹನದ ಮಾಲಕರು ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ 25,000 ರೂಪಾಯಿ ದಂಡಕ್ಕೂ ಗುರಿಯಾಗುತ್ತಾರೆ. ಶಿಕ್ಷೆಯ ಭಯ ಹೇಳುವುದು ಅಗತ್ಯ. ಆದರೆ ಬಸ್ಸು ನಿಂತ ದಾರಿಯಲ್ಲಿ ಬರಿಯ ಭಯದಿಂದ ಮಕ್ಕಳನ್ನು ಕಾಪಾಡಲಾಗದು.

ನೆರವಿನ ನಾಲ್ಕು ದಾರಿಗಳು

ಸರಕಾರವು ಹಂಚಿಕೆಯ ಸಾರಿಗೆಗೆ ನೆರವಾಗುವ ಬಗೆಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ವಾಹನಕ್ಕೆ ಕೊಡುವ ನೆರವು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು, ವಾಹನಗಳನ್ನು ಸಾಗಿಸುವುದಕ್ಕಿಂತ ಜನರನ್ನು ಸಾಗಿಸುವುದು ಮುಖ್ಯ ಎಂಬ ತತ್ತ್ವವನ್ನು ಮುಂದಿಟ್ಟಿತು. ಭಾರತದ ರಸ್ತೆ ಎಂಜಿನಿಯರರು ಹೊರಗಿನ ರಸ್ತೆಗಳಲ್ಲಿ ಒಂದು ಬಸ್ಸನ್ನು ಮೂರು ಕಾರುಗಳಿಗೆ ಸಮವೆಂದು ಎಣಿಸುತ್ತಾರೆ. ಮೂರು ಕಾರುಗಳಲ್ಲಿ ಐದಾರು ಜನ ಹೋಗುವ ಜಾಗದಲ್ಲಿ ಬಸ್ಸು ಐವತ್ತು ಜನರನ್ನು ಒಯ್ಯುತ್ತದೆ ಎಂಬುದನ್ನು ನೆನೆದರೆ ಆ ತತ್ತ್ವದ ಅರ್ಥ ತಿಳಿಯುತ್ತದೆ. ಮುಂದೆ ನಗರಗಳಿಗೆ ಬಸ್ಸು ಕೊಳ್ಳಲು ಕೇಂದ್ರ ಸರಕಾರ ಹಣ ಒದಗಿಸಿತು. 2023ರ ಆಗಸ್ಟಿನಲ್ಲಿ ಮಂಜೂರಾದ ಪಿಎಂ ಇ-ಬಸ್ ಸೇವಾ ಯೋಜನೆಯು 10,000 ವಿದ್ಯುತ್ ಬಸ್ಸುಗಳ ಗುರಿ ಹೊಂದಿದೆ. 57,613 ಕೋಟಿ ರೂಪಾಯಿಯ ಒಟ್ಟು ವೆಚ್ಚದಲ್ಲಿ ಕೇಂದ್ರದ ಪಾಲು 20,000 ಕೋಟಿ. ಆದರೆ ಇದು ಮುಖ್ಯವಾಗಿ ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಿಗೆ ರೂಪಿಸಿದ ಯೋಜನೆ. ಹಳ್ಳಿಯ ಕವಲುದಾರಿ ಇದರ ವ್ಯಾಪ್ತಿಯಲ್ಲಿಲ್ಲ.

ಎರಡನೆಯದು ಪ್ರಯಾಣಿಕರಿಗೆ ದರದಲ್ಲಿ ಕೊಡುವ ನೆರವು. ತಮಿಳುನಾಡು 2021ರಲ್ಲಿ ಸಾಮಾನ್ಯ ನಗರ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಜಾರಿಗೆ ತಂದಿತು. ಮಹಾರಾಷ್ಟ್ರದ ರಾಜ್ಯ ಸಾರಿಗೆ ಬಸ್ಸುಗಳಲ್ಲಿ 2023ರ ಮಾರ್ಚಿನಿಂದ ಮಹಿಳೆಯರಿಗೆ ಅರ್ಧ ದರ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು, ತೆಲಂಗಾಣದ ಮಹಾಲಕ್ಷ್ಮಿ ಯೋಜನೆ ಅದೇ ವರ್ಷದ ಡಿಸೆಂಬರಿನಲ್ಲಿ, ಆಂಧ್ರಪ್ರದೇಶದ ಸ್ತ್ರೀ ಶಕ್ತಿ ಯೋಜನೆ 2025ರ ಆಗಸ್ಟ್ 15ರಂದು ಆರಂಭವಾದವು. ಕುಟುಂಬದ ವಾಹನ ಸಾಮಾನ್ಯವಾಗಿ ಗಂಡಸರ ಕೈಯಲ್ಲಿರುವ ಸಮಾಜದಲ್ಲಿ ಇಂತಹ ಯೋಜನೆಗಳು ಮಹಿಳೆಯರಿಗೆ ಹೊರಗಿನ ದುಡಿಮೆಯ, ಕಲಿಕೆಯ ದಾರಿ ತೆರೆಯುತ್ತವೆ. ಆದರೆ ದರದ ನೆರವಿಗೆ ಒಂದು ಮಿತಿಯಿದೆ: ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟಿಗೆ ಬೆಲೆಯಿಲ್ಲ.

ಮೂರನೆಯದು ಸೇವೆಯನ್ನು ನಡೆಸುವ ಖರ್ಚಿಗೆ ಕೊಡುವ ನೆರವು. ನಮ್ಮ ರಾಜ್ಯದ ಗ್ರಾಮವಂಡಿ ಯೋಜನೆ ಇದಕ್ಕೆ ಉತ್ತಮ ಉದಾಹರಣೆ. ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಗ್ರಾಮ ಪಂಚಾಯತಿನಲ್ಲಿ 2022ರ ಜುಲೈ 29ರಂದು ಇದು ಉದ್ಘಾಟನೆಗೊಂಡಿತು. ಬಸ್ಸು, ಚಾಲಕ ಮತ್ತು ನಿರ್ವಾಹಕರ ವೇತನ, ವಿಮೆ, ದುರಸ್ತಿ ಇವು ಕೇರಳ ರಾಜ್ಯ ರಸ್ತೆ ಸಾರಿಗೆ ನಿಗಮದ ಹೊಣೆ. ಇಂಧನದ ಖರ್ಚು ಸ್ಥಳೀಯಾಡಳಿತ ಸಂಸ್ಥೆಯ ಹೊಣೆ. ಯಾವ ದಾರಿಯಲ್ಲಿ ಬಸ್ಸು ಹೋಗಬೇಕೆಂಬುದರಲ್ಲಿ ಪಂಚಾಯತಿನ ಮಾತಿಗೆ ಬೆಲೆಯಿದೆ. ತಮಿಳುನಾಡು 1997ರಲ್ಲಿ ಆರಂಭಿಸಿ 2025ರಲ್ಲಿ ಹೊಸ ರೂಪದಲ್ಲಿ ಜಾರಿಗೆ ತಂದ ಮಿನಿ ಬಸ್ ಯೋಜನೆಯ ಗುರಿಯೂ ಇಂತಹುದೇ. ಬಸ್ಸಿಲ್ಲದ ಹಳ್ಳಿಗಳನ್ನು ದೊಡ್ಡ ಬಸ್ಸುಗಳ ದಾರಿಗೆ ಸೇರಿಸುವುದು. ಅಲ್ಲಿ ಬಸ್ಸು ಓಡಿಸುವವರು ಖಾಸಗಿಯವರು, ಮಾರ್ಗದ ನಿಯಮ ಸರಕಾರದ್ದು.

ನಾಲ್ಕನೆಯದು ಜಾಗ ಮತ್ತು ಕಾನೂನಿನ ನೆರವು. ಇದಕ್ಕೆ ಜರ್ಮನಿಯ ಬ್ರೆಮೆನ್ ನಗರದ ಉದಾಹರಣೆ ತಿಳಿಯತಕ್ಕದ್ದು. ಅಲ್ಲಿ 2003ರಿಂದ ನಗರಾಡಳಿತವು ಹಂಚಿಕೆಯ ಕಾರುಗಳಿಗಾಗಿ ಬೀದಿಬದಿಯಲ್ಲಿ ‘ಮೊಬಿಲ್‌ಪುಂಕ್ಟ್’ ಎಂಬ ತಾಣಗಳನ್ನು ಗುರುತಿಸಿಕೊಟ್ಟಿತು. ಕಾರುಗಳು ನಗರಾಡಳಿತದವಲ್ಲ, ಖಾಸಗಿ ಸಂಸ್ಥೆಗಳವು. ಸದಸ್ಯರು ಬೇಕಾದ ಹೊತ್ತಿಗೆ ಕಾರು ಒಯ್ದು, ಕೆಲಸ ಮುಗಿದ ಮೇಲೆ ಅಲ್ಲಿಯೇ ತಂದು ನಿಲ್ಲಿಸುತ್ತಾರೆ. ಬಳಸಿದಷ್ಟಕ್ಕೆ ಮಾತ್ರ ಹಣ ಕೊಡುತ್ತಾರೆ. ನಗರ ಒದಗಿಸಿದ್ದು ಜಾಗ ಮತ್ತು ಮಾನ್ಯತೆಯನ್ನು ಮಾತ್ರ. ದಿನನಿತ್ಯದ ಓಡಾಟಕ್ಕೆ ಟ್ರಾಂ, ಬಸ್ಸು, ಸೈಕಲ್ ಇರುವಲ್ಲಿ ತಿಂಗಳಿಗೆ ಎರಡು ಮೂರು ಸಲ ಬೇಕಾಗುವ ಕಾರನ್ನು ವರ್ಷವಿಡೀ ಸ್ವಂತವಾಗಿ ಇಟ್ಟುಕೊಳ್ಳುವ ಅಗತ್ಯವಿಲ್ಲ ಎಂಬುದು ಇದರ ಹಿಂದಿನ ವಿಚಾರ. 2017ರಲ್ಲಿ ಜರ್ಮನಿ ಹಂಚಿಕೆಯ ಕಾರುಗಳಿಗಾಗಿಯೇ ಒಂದು ಕಾನೂನನ್ನೂ ಮಾಡಿತು. ಬ್ರೆಮೆನ್ನಿನ ರೀತಿ ನಮ್ಮ ಊರಿಗೆ ಹಾಗೆಯೇ ಹೊಂದುವುದಿಲ್ಲ. ಆದರೆ ಹಣವಿಲ್ಲದೆಯೂ ಸರಕಾರ ನೆರವಾಗಬಲ್ಲದು ಎಂಬ ಅದರ ಪಾಠ ನಮಗೂ ಬೇಕಾದದ್ದು. ಬಸ್ಸು ತಿರುಗಿಸಲು ಜಾಗ, ಮಳೆಗೆ ನೆನೆಯದೆ ನಿಲ್ಲಲು ತಂಗುದಾಣ, ಶಾಲೆಯ ಹೊತ್ತಿಗೆ ಹೊಂದುವ ವೇಳಾಪಟ್ಟಿ, ಇವೆಲ್ಲ ಅದೇ ಬಗೆಯ ನೆರವುಗಳು.

ರಿಯಾಯಿತಿಯ ಭಾರ ಯಾರ ಮೇಲೆ?

ನೆರವಿನ ರೂಪ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ವಿದ್ಯಾರ್ಥಿಗಳ ದಿನನಿತ್ಯದ ಅನುಭವವೇ ಸಾಕ್ಷಿ. ಕೇರಳದಲ್ಲಿ ಖಾಸಗಿ ಬಸ್ಸುಗಳೂ ವಿದ್ಯಾರ್ಥಿಗಳಿಗೆ ರಿಯಾಯಿತಿ ದರದಲ್ಲಿ ಪ್ರಯಾಣ ಒದಗಿಸಬೇಕು. 2022ರಲ್ಲಿ ಕನಿಷ್ಠ ದರ 8ರಿಂದ 10 ರೂಪಾಯಿಗೆ ಏರಿದಾಗಲೂ ವಿದ್ಯಾರ್ಥಿಗಳ ಕನಿಷ್ಠ ದರ 1 ರೂಪಾಯಿಯಾಗಿಯೇ ಉಳಿಯಿತು. ಮಕ್ಕಳ ಕಲಿಕೆಗೆ ಇದು ದೊಡ್ಡ ಆಸರೆ. ಆದರೆ ಉಳಿದ 9 ರೂಪಾಯಿಯ ಹೊರೆ ಹೊರುವವರು ಯಾರು? ಅದು ಬಸ್ಸಿನ ಮಾಲಕರ ಮೇಲೆ ಬೀಳುತ್ತದೆ. ಬಸ್ಸು ನಿಂತಾಗ ಮಕ್ಕಳನ್ನು ಹತ್ತಿಸದೆ, ಹೊರಡುವ ಕ್ಷಣದಲ್ಲಿ ಮಾತ್ರ ಹತ್ತಲು ಬಿಡುವ ಕೆಟ್ಟ ರೂಢಿಗೂ, ಸಮವಸ್ತ್ರ ಕಂಡರೆ ನಿಲ್ಲಿಸದೆ ಸಾಗುವ ಬಸ್ಸುಗಳಿಗೂ ಮೂಲ ಇಲ್ಲಿದೆ. ಆ ವರ್ತನೆಯನ್ನು ಸಮರ್ಥಿಸಲಾಗದು. ಆದರೆ ಕಾರಣವನ್ನು ತಿಳಿಯದೆ ಪರಿಹಾರ ಹುಡುಕಲಾಗದು.

ತಮಿಳುನಾಡು ಮತ್ತು ಕರ್ನಾಟಕದ ಉಚಿತ ಪ್ರಯಾಣ ಯೋಜನೆಗಳಲ್ಲಿ ಸಾರಿಗೆ ನಿಗಮಗಳ ವೆಚ್ಚವನ್ನು ತುಂಬಿಕೊಡುವ ಹೊಣೆಯನ್ನು ರಾಜ್ಯ ಸರಕಾರಗಳು ವಹಿಸಿಕೊಂಡಿವೆ. ಆ ಹಣ ಸಕಾಲಕ್ಕೆ ಸಂದರೆ ಉಚಿತ ಟಿಕೆಟಿನ ಪ್ರಯಾಣಿಕರೂ ಬಸ್ಸಿಗೆ ಬೇಕಾದವರಾಗುತ್ತಾರೆ. ಕೊಡುವವರು ಯಾರೆಂದು ನಿಶ್ಚಯವಾಗದ ರಿಯಾಯಿತಿ ಮಗುವನ್ನು ಬೇಡದ ಪ್ರಯಾಣಿಕನನ್ನಾಗಿ ಮಾಡುತ್ತದೆ. ಬೊಕ್ಕಸದಿಂದ ಬರುವ ರಿಯಾಯಿತಿ ಅದೇ ಮಗುವಿಗೆ ಗೌರವ ತರುತ್ತದೆ. ಸಹಾಯಧನದ ಬಗ್ಗೆ ಪಾಠ ಮಾಡುವಾಗ ಈ ವ್ಯತ್ಯಾಸವನ್ನು ಹಿರಿಯ ತರಗತಿಗಳಲ್ಲಿ ಚರ್ಚಿಸಬಹುದು.

ಗಡಿನಾಡಿನ ವಿಶೇಷ ತೊಡಕುಗಳು

ಗಡಿನಾಡಿನ ಕನ್ನಡಿಗರಿಗೆ ಈ ವಿಷಯ ಮೂರು ಕಡೆಗಳಿಂದ ತಟ್ಟುತ್ತದೆ.

ಒಂದು, ನೆರವು ರಾಜ್ಯದ ಎಲ್ಲೆಗೆ ನಿಲ್ಲುತ್ತದೆ. ಶಕ್ತಿ ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮೀಸಲು. ಮಂಗಳೂರಿಗೆ ದಿನವೂ ಹೋಗಿಬರುವ ಮಂಜೇಶ್ವರದ ವಿದ್ಯಾರ್ಥಿನಿ, ತನ್ನ ಪಕ್ಕದ ಸೀಟಿನ ಗೆಳತಿಯಷ್ಟೇ ಕನ್ನಡತಿಯಾದರೂ, ವಿಳಾಸದ ಕಾರಣದಿಂದ ಅದರ ಹೊರಗೆ ಉಳಿಯುತ್ತಾಳೆ. ಇನ್ನು ರಾಜ್ಯದಿಂದ ರಾಜ್ಯಕ್ಕೆ ಹೋಗುವ ಬಸ್ಸುಗಳ ಸಂಖ್ಯೆ, ಮಾರ್ಗಗಳು 1988ರ ಮೋಟಾರು ವಾಹನ ಕಾಯಿದೆಯಡಿ ಎರಡು ರಾಜ್ಯಗಳು ಮಾಡಿಕೊಳ್ಳುವ ಒಪ್ಪಂದದಿಂದ ತೀರ್ಮಾನವಾಗುತ್ತವೆ. ಕಾಸರಗೋಡು ಮಂಗಳೂರು ಹೆದ್ದಾರಿಯಲ್ಲಿ ಎರಡೂ ರಾಜ್ಯಗಳ ನಿಗಮಗಳ ಬಸ್ಸುಗಳು ಓಡುತ್ತವೆ. ಗಡಿಯ ಒಳದಾರಿಗಳಲ್ಲಿ ಹೊಸ ಬಸ್ಸು ಬೇಕಾದರೆ ಒಂದು ಸರಕಾರದ ಮನಸ್ಸು ಸಾಲದು.

ಎರಡು, ಶಾಲೆಯ ದೂರವನ್ನು ಅಳೆಯುವ ಕ್ರಮ. ಶಿಕ್ಷಣ ಹಕ್ಕು ಕಾಯಿದೆಯ ಮಾದರಿ ನಿಯಮಗಳು ಕೆಳಗಿನ ಪ್ರಾಥಮಿಕ ತರಗತಿಗಳಿಗೆ 1 ಕಿಲೋಮೀಟರ್, ಮೇಲಿನ ಪ್ರಾಥಮಿಕಕ್ಕೆ 3 ಕಿಲೋಮೀಟರ್ ನಡೆದುಹೋಗುವ ದೂರವನ್ನು ನೆರೆಹೊರೆಯೆಂದು ಗುರುತಿಸುತ್ತವೆ. ಆ ಅಳತೆಯಲ್ಲಿ ಮಾಧ್ಯಮದ ಮಾತಿಲ್ಲ. ಮನೆಯಿಂದ ಅರ್ಧ ಕಿಲೋಮೀಟರಿನಲ್ಲಿ ಮಲಯಾಳ ಮಾಧ್ಯಮದ ಶಾಲೆಯಿದ್ದು, ಕನ್ನಡ ಮಾಧ್ಯಮದ ಶಾಲೆ ನಾಲ್ಕು ಕಿಲೋಮೀಟರಿನಲ್ಲಿದ್ದರೆ, ಕಾಗದದ ಮೇಲೆ ಆ ಮಗುವಿಗೆ ಶಾಲೆ ಹತ್ತಿರವೇ ಇದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ತಕ್ಕ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ಸಾಧ್ಯವಾದಷ್ಟರ ಮಟ್ಟಿಗೆ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆನ್ನುತ್ತದೆ. ಇವೆರಡನ್ನೂ ಕೂಡಿಸಿ ಓದಿದರೆ, ನಮ್ಮ ಮಕ್ಕಳ ಮಟ್ಟಿಗೆ ದೂರವನ್ನು ಅವರ ಮಾಧ್ಯಮದ ಶಾಲೆಯವರೆಗೆ ಅಳೆಯಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ.

ಸಮಗ್ರ ಶಿಕ್ಷಾ ಯೋಜನೆಯಲ್ಲಿ ದುರ್ಗಮ ಪ್ರದೇಶಗಳ ಮಕ್ಕಳ ಪ್ರಯಾಣಕ್ಕಾಗಿ ಒಂದು ಮಗುವಿಗೆ ವರ್ಷಕ್ಕೆ 6,000 ರೂಪಾಯಿಯವರೆಗೆ ನೆರವಿಗೆ ಅವಕಾಶವಿದೆ. ಶಾಲಾ ದಿನಗಳನ್ನು 200 ಎಂದು ಹಿಡಿದರೆ ದಿನಕ್ಕೆ 30 ರೂಪಾಯಿ. ಒಂದೇ ಮಗುವಿಗೆ ಇದರಿಂದ ಯಾವ ವಾಹನವೂ ಸಿಗದು. ಹತ್ತು ಮಕ್ಕಳ ಪಾಲು ಕೂಡಿದರೆ ದಿನಕ್ಕೆ 300 ರೂಪಾಯಿಯಾಗುತ್ತದೆ. ಜೀಪಿನ ಬಾಡಿಗೆಯ ಒಂದು ಮುಖ್ಯ ಭಾಗ ಅದರಿಂದ ನೀಗುತ್ತದೆ. ಹಂಚಿಕೆಯ ಅರ್ಥವನ್ನು ಇದಕ್ಕಿಂತ ಸರಳವಾಗಿ ವಿವರಿಸಲಾಗದು.

ಮೂರು, ಭಾಷೆ. ಬಸ್ಸಿನ ಹಣೆಯ ಮೇಲಿನ ಊರ ಹೆಸರು ಓದಲಾಗದಿದ್ದರೆ ಆ ಬಸ್ಸು ಎಲ್ಲರದ್ದಾಗುವುದಿಲ್ಲ. ಕನ್ನಡ ಮಾತ್ರ ಓದಬಲ್ಲ ಅಜ್ಜಿಯೊಬ್ಬರು ನಿಲ್ದಾಣದಲ್ಲಿ ಪ್ರತಿ ಬಸ್ಸಿಗೂ ಬೇರೆಯವರನ್ನು ಕೇಳಬೇಕಾದುದು ಸಣ್ಣ ತೊಂದರೆಯೆಂದು ತೋರಬಹುದು. ಅವರಿಗೆ ಅದು ಪ್ರತಿದಿನದ ಪರಾಧೀನತೆ. ಮಲಯಾಳದೊಡನೆ ಕನ್ನಡದ ಫಲಕವೂ ಇರಲೆಂದು ಕೇಳುವುದು ಸಾರಿಗೆಯ ಬೇಡಿಕೆಯೇ ಆಗಿದೆ.

ಎರಡು ಆಕ್ಷೇಪಗಳು

ನಷ್ಟದಲ್ಲಿರುವ ಬಸ್ಸಿಗೆ ತೆರಿಗೆದಾರರ ಹಣ ಏಕೆ ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ಸಾಧುವಾದುದೇ. ಆದರೆ ರಸ್ತೆ ಅಗಲಗೊಳಿಸುವುದಕ್ಕೂ ಸಾರ್ವಜನಿಕ ಹಣ ಸಂದಾಯವಾಗುತ್ತದೆ. ಅದನ್ನು ಯಾರೂ ಕಾರಿನ ನಷ್ಟವೆಂದು ಕರೆಯುವುದಿಲ್ಲ. ಶಾಲೆಯನ್ನು ಲಾಭನಷ್ಟದಿಂದ ಅಳೆಯದ ನಾವು, ಶಾಲೆಗೆ ಮಗುವನ್ನು ತಲುಪಿಸುವ ಬಸ್ಸನ್ನು ಅಳೆಯುವಾಗ ಬೇರೆ ಕೋಲು ಹಿಡಿಯುವುದು ಸರಿಯಲ್ಲ. ಹಾಗೆಂದು ಖಾಲಿ ಬಸ್ಸು ಓಡಿಸುವುದೂ ಜಾಣತನವಲ್ಲ. ಎಲ್ಲಿ ಜೀಪು ಸಾಕೋ ಅಲ್ಲಿ ಜೀಪು, ಎಲ್ಲಿ ಸಣ್ಣ ಬಸ್ಸು ಬೇಕೋ ಅಲ್ಲಿ ಸಣ್ಣ ಬಸ್ಸು ಎಂಬ ವಿವೇಕ ಬೇಕು. ನಿಗಮವೂ ಪಂಚಾಯತೂ ಖರ್ಚು ಹಂಚಿಕೊಳ್ಳುವ ಗ್ರಾಮವಂಡಿಯಲ್ಲಿ ಆ ವಿವೇಕಕ್ಕೆ ಎಡೆಯಿದೆ, ಏಕೆಂದರೆ ದಾರಿಯ ಅಗತ್ಯ ಅರಿತವರೇ ಹಣವನ್ನೂ ಕೊಡುತ್ತಾರೆ.

ಎರಡನೆಯ ಆಕ್ಷೇಪ: ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ, ಅಡಿಕೆ ಮೂಟೆ ಪೇಟೆಗೆ ಒಯ್ಯುವಾಗ ಬಸ್ಸು ನೆರವಿಗೆ ಬರುವುದೇ? ಬರುವುದಿಲ್ಲ. ಹಂಚಿಕೆಯ ಸಾರಿಗೆ ಸ್ವಂತ ವಾಹನದ ವೈರಿಯಲ್ಲ. ಮನೆಗೊಂದು ವಾಹನ ಬೇಕೇ ಬೇಕೆಂಬ ಅನಿವಾರ್ಯವನ್ನು ಅದು ತಪ್ಪಿಸುತ್ತದೆ. ವಾಹನ ಕೊಳ್ಳುವುದು ಆಯ್ಕೆಯಾಗಬೇಕು. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವುದಕ್ಕೆ ತೆರಬೇಕಾದ ದಂಡವಾಗಬಾರದು.

ತರಗತಿಯಲ್ಲಿ

ಏಳನೆಯ ತರಗತಿಯಿಂದ ಮೇಲೆ ಈ ಕೆಳಗಿನ ಚಟುವಟಿಕೆಗಳನ್ನು ನಡೆಸಬಹುದು.

1. ಶಾಲಾ ಗೇಟಿನ ಬಳಿ ಬೆಳಿಗ್ಗೆ ಅರ್ಧ ಗಂಟೆ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ನಿಂತು ಹಾದುಹೋಗುವ ವಾಹನಗಳನ್ನೂ ಅವುಗಳಲ್ಲಿರುವ ಜನರನ್ನೂ ಎಣಿಸಲಿ. ಒಂದು ವಾಹನಕ್ಕೆ ಸರಾಸರಿ ಎಷ್ಟು ಜನ ಎಂಬುದನ್ನು ಬಗೆಬಗೆಯಾಗಿ ಲೆಕ್ಕಹಾಕಿ ಸ್ತಂಭನಕ್ಷೆ ಬರೆಯಲಿ.

2. ಮೇಲೆ ಕೊಟ್ಟ ಕಾರು ಮತ್ತು ಬಸ್ಸಿನ ಲೆಕ್ಕವನ್ನು ತಮ್ಮ ಊರಿನ ದೂರಕ್ಕೆ ಹೊಂದಿಸಿ ಮಾಡಲಿ. ಪ್ರಯಾಣಿಕರು ಒಬ್ಬರಾದಾಗ, ಇಬ್ಬರಾದಾಗ ಫಲಿತಾಂಶ ಹೇಗೆ ಬದಲಾಗುತ್ತದೆಂದು ಗಮನಿಸಲಿ.

3. ತಮ್ಮ ದಾರಿಯಲ್ಲಿ ಈಗ ಓಡುವ ಬಸ್ಸುಗಳ ವೇಳಾಪಟ್ಟಿ ತಯಾರಿಸಲಿ. ಅಜ್ಜ ಅಜ್ಜಿಯರನ್ನು ಕೇಳಿ ಹಿಂದೆ ಓಡುತ್ತಿದ್ದು ಈಗ ನಿಂತಿರುವ ಬಸ್ಸುಗಳನ್ನೂ ಗುರುತಿಸಲಿ. ಊರಿನ ಚರಿತ್ರೆಯ ಒಂದು ಅಧ್ಯಾಯ ಅದರಲ್ಲಿ ದೊರೆಯುತ್ತದೆ.

4. ಒಂದು ಗ್ರಾಮಸಭೆಯನ್ನು ಅಭಿನಯಿಸಲಿ. ಬಸ್ಸಿನ ಮಾಲಕ, ಜೀಪು ಚಾಲಕ, ಪಂಚಾಯತು ಅಧ್ಯಕ್ಷೆ, ರಕ್ಷಕರು, ವಿದ್ಯಾರ್ಥಿನಿ ತಮ್ಮ ತಮ್ಮ ವಾದ ಮಂಡಿಸಲಿ. ಯಾರೂ ದುಷ್ಟರಲ್ಲ ಎಂಬುದು ಮಕ್ಕಳಿಗೆ ತಿಳಿಯಲಿ.

5. ಮನವಿ ಪತ್ರ ಬರೆಯುವ ಪಾಠವನ್ನು ಇದಕ್ಕೆ ಜೋಡಿಸಬಹುದು. ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ಪರಿಹಾರಕ್ಕಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಬಸ್ಸಿನ ಪರವಾನಗಿ ಮತ್ತು ವೇಳೆಯನ್ನು ತೀರ್ಮಾನಿಸುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಯವರು ಅದರ ಅಧ್ಯಕ್ಷರು. ಅವರಿಗೆ ಕನ್ನಡದಲ್ಲಿಯೇ ಪತ್ರ ಬರೆಯಬಹುದು. ಪತ್ರದಲ್ಲಿ ದೂರಿಗಿಂತ ವಿವರ ಮುಖ್ಯ: ಎಷ್ಟು ಮಕ್ಕಳು, ಯಾವ ದಾರಿ, ಎಷ್ಟು ದೂರ, ಯಾವ ಹೊತ್ತು. ಮೂರನೆಯ ಚಟುವಟಿಕೆಯ ವೇಳಾಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಯಾರ ಮನೆಯಲ್ಲಿ ವಾಹನವಿದೆ, ಯಾರ ಮನೆಯಲ್ಲಿಲ್ಲ ಎಂದು ತರಗತಿಯಲ್ಲಿ ಕೈಯೆತ್ತಿಸಿ ಕೇಳಬಾರದು. ಕಾರಿನಲ್ಲಿ ಬರುವ ಮಗು ತಪ್ಪಿತಸ್ಥನೆಂದಾಗಲಿ, ನಡೆದು ಬರುವ ಮಗು ಬಡವನೆಂದಾಗಲಿ ಭಾವಿಸುವಂತಾದರೆ ಪಾಠದ ಉದ್ದೇಶವೇ ಕೆಡುತ್ತದೆ.

ಆರಂಭದಲ್ಲಿ ಹೇಳಿದ ಶಾಲೆಯ ಮಾತನ್ನು ಪೂರ್ತಿಗೊಳಿಸಬೇಕು. ಮುಂದಿನ ವರ್ಷ ಅಲ್ಲಿಯ ರಕ್ಷಕ ಶಿಕ್ಷಕ ಸಂಘದವರು ಮನೆಮನೆಗೆ ಹೋಗಿ ಮಾತಾಡಿ, ಹನ್ನೊಂದು ಮಕ್ಕಳನ್ನು ಒಟ್ಟುಗೂಡಿಸಿ, ಸಂಜೆಗೆ ಒಂದು ಜೀಪು ಗೊತ್ತುಮಾಡಿದರು. ಬಿಟ್ಟುಹೋಗಿದ್ದ ನಾಲ್ವರಲ್ಲಿ ಇಬ್ಬರು ಮರಳಿದರು. ಉಳಿದಿಬ್ಬರು ಹೊಸ ಶಾಲೆಗೆ ಹೊಂದಿಕೊಂಡುಬಿಟ್ಟಿದ್ದರು. ರಕ್ಷಕರ ಜೇಬಿನ ಹಣದಿಂದ ನಡೆಯುವ ಜೀಪು ಎಷ್ಟು ವರ್ಷ ಓಡೀತು ಎಂಬ ಚಿಂತೆ ಮುಖ್ಯೋಪಾಧ್ಯಾಯಿನಿಯವರಿಗೆ ಇದ್ದೇ ಇತ್ತು. ಜನರು ಕೂಡಿ ಆರಂಭಿಸಿದ ಹಂಚಿಕೆಯನ್ನು ಉಳಿಸಿಕೊಡುವುದು ಸರಕಾರದ ಪಾಲಿನ ಕೆಲಸ. ಅದನ್ನು ಲೆಕ್ಕ ಮತ್ತು ವಿವರಗಳೊಂದಿಗೆ ಕೇಳಲು ಮಕ್ಕಳಿಗೆ ಕಲಿಸುವುದು ನಮ್ಮ ಪಾಲಿನದು.